ಅಶ್ವಲಕ್ಷಣ: ಕಣ್ಣಿಗೆ ಕಾಣುವುದೆಷ್ಟು, ಕಾಣದಿರುವುದೆಷ್ಟು

ವನಪರ್ವದ ನಳೋಪಾಖ್ಯಾನವನ್ನು ಕೇಳದವರು ನಮ್ಮಲ್ಲಿ ವಿರಳ. ವ್ಯಾಸಭಾರತವನ್ನು ಓದದವರೂ ಕನಕದಾಸರ ‘ನಳಚರಿತ್ರೆ’ಯಿಂದಲೋ, ಹರಿಕಥೆ, ಯಕ್ಷಗಾನಗಳಿಂದಲೋ ಆ ಕಥೆಯನ್ನು ಬಲ್ಲರು. ಆದರೆ ಕಥೆಯ ರಭಸದಲ್ಲಿ ನಾವು ಸಾಮಾನ್ಯವಾಗಿ ದಾಟಿಬಿಡುವ ಒಂದು ಸನ್ನಿವೇಶ ಅದರಲ್ಲಿದೆ. ದಮಯಂತಿಯ ಎರಡನೆಯ ಸ್ವಯಂವರದ ಸುದ್ದಿ ಅಯೋಧ್ಯೆಗೆ ಬರುತ್ತದೆ. ಋತುಪರ್ಣ ರಾಜನು ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕು. ಕುರೂಪಿ ಬಾಹುಕನ ವೇಷದಲ್ಲಿರುವ ನಳನು ಲಾಯಕ್ಕೆ ಹೋಗಿ ಕುದುರೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೊನೆಗೆ ಮೈಯಲ್ಲಿ ಮಾಂಸವಿಲ್ಲದ, ಬಡಕಲಾಗಿ ಕಾಣುವ ಕುದುರೆಗಳನ್ನು ಆರಿಸಿ ತರುತ್ತಾನೆ. ರಾಜನಿಗೆ ಸಿಟ್ಟು ಬರುತ್ತದೆ. ಇಷ್ಟು ದೂರದ ದಾರಿಯನ್ನು ಈ ನಿತ್ರಾಣ ಪ್ರಾಣಿಗಳು ಹೇಗೆ ಕ್ರಮಿಸಿಯಾವು, ನನ್ನನ್ನು ವಂಚಿಸುತ್ತಿರುವೆಯಾ ಎಂದು ಗದರಿಸುತ್ತಾನೆ. ನಳನು ವಿಚಲಿತನಾಗುವುದಿಲ್ಲ. ಬೇರೆ ಕುದುರೆಗಳು ಮೇಲೆಂದು ತೋರಿದರೆ ಹೇಳಿ, ಅವನ್ನೇ ಹೂಡುತ್ತೇನೆ ಎನ್ನುತ್ತಾನೆ. ರಾಜನು ಸಾರಥಿಯ ವಿದ್ಯೆಗೆ ತಲೆಬಾಗುತ್ತಾನೆ. ಮುಂದಿನದು ನಿಮಗೆ ಗೊತ್ತೇ ಇದೆ. ರಾಜನ ಉತ್ತರೀಯ ಜಾರಿ ಬಿದ್ದು, ಅದನ್ನು ಎತ್ತಿಕೊಳ್ಳೋಣ ಎಂದು ಅವನು ಹೇಳುವಷ್ಟರಲ್ಲಿ ರಥವು ಒಂದು ಯೋಜನ ಮುಂದೆ ಹೋಗಿರುತ್ತದೆ.

ಪಂದ್ಯಕ್ಕೆ ಮುನ್ನ ಕುದುರೆಯ ಮೈಕಟ್ಟನ್ನು ನೋಡಿ ಅದರ ಓಟವನ್ನು ಅಳೆಯುವ ವಿದ್ಯೆಯ ಚರಿತ್ರೆಯನ್ನು ಬರೆಯಹೊರಟರೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು. ಏಕೆಂದರೆ ಈ ವಿದ್ಯೆಯ ಮೂಲಪ್ರಶ್ನೆಗಳೆಲ್ಲವೂ ಈ ಸಣ್ಣ ಸಂವಾದದಲ್ಲಿ ಅಡಗಿವೆ. ಕೊಬ್ಬಿದ ಮೈ, ಹೊಳೆಯುವ ಚರ್ಮ ರಾಜನ ಕಣ್ಣನ್ನು ಸೆಳೆಯುತ್ತವೆ. ನಳನು ನೋಡುವುದು ಬೇರೆಯದನ್ನು. ಅವನು ಆರಿಸಿದ ಕುದುರೆಗಳಿಗೆ ಅಗಲವಾದ ಮೂಗಿನ ಹೊಳ್ಳೆಗಳೂ ದೊಡ್ಡ ದವಡೆಗಳೂ ಇದ್ದುವೆಂದು ಕವಿ ಹೇಳುತ್ತಾನೆ. ಅವು ಸಿಂಧೂದೇಶದಲ್ಲಿ ಹುಟ್ಟಿದವು ಎನ್ನುತ್ತಾನೆ. ಮೈಮೇಲೆ ಹತ್ತು ಶುಭ ಸುಳಿಗಳಿದ್ದುವೆಂದೂ ಹೇಳುತ್ತಾನೆ. ಇಲ್ಲಿ ಮೂರು ಬಗೆಯ ಗುರುತುಗಳು ಬೆರೆತುಹೋಗಿರುವುದನ್ನು ಗಮನಿಸಬೇಕು. ಮೂಗಿನ ಹೊಳ್ಳೆ ದೇಹದ ಕೆಲಸಕ್ಕೆ ಸಂಬಂಧಿಸಿದ್ದು, ಏಕೆಂದರೆ ಕುದುರೆ ಬಾಯಿಂದ ಉಸಿರಾಡಲಾರದು, ಓಡುವಾಗ ಅದಕ್ಕೆ ಬೇಕಾದ ಗಾಳಿಯೆಲ್ಲ ಮೂಗಿನಿಂದಲೇ ಹೋಗಬೇಕು. ಸಿಂಧೂದೇಶ ಎಂಬುದು ಕುಲಕ್ಕೆ ಸಂಬಂಧಿಸಿದ್ದು. ಸುಳಿ ಎಂಬುದು ನಂಬಿಕೆಗೆ ಸಂಬಂಧಿಸಿದ್ದು. ಮುಂದಿನ ಎರಡು ಸಾವಿರ ವರ್ಷಗಳ ಅಶ್ವಪರೀಕ್ಷೆಯ ಇತಿಹಾಸವೆಂದರೆ ಈ ಮೂರನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಮನುಷ್ಯನು ಪಟ್ಟ ಪಾಡು ಎಂದರೆ ತಪ್ಪಾಗಲಾರದು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಶಾಲಿಹೋತ್ರನು ಆದ್ಯನೆಂದು ಪರಂಪರೆ ಹೇಳುತ್ತದೆ. ನಳನ ರಥವೇಗವನ್ನು ಕಂಡ ವಾರ್ಷ್ಣೇಯನೂ ಇವನೇನು ಶಾಲಿಹೋತ್ರನೇ ಎಂದು ಬೆರಗಾಗುತ್ತಾನೆ. ಪಾಂಡವರಲ್ಲಿ ನಕುಲನು ವಿರಾಟನ ಅರಮನೆಯಲ್ಲಿ ಗ್ರಂಥಿಕನೆಂಬ ಹೆಸರಿನಿಂದ ಕುದುರೆಗಳನ್ನು ನೋಡಿಕೊಂಡವನು, ಅವನ ಹೆಸರಿನಲ್ಲಿಯೂ ಅಶ್ವಚಿಕಿತ್ಸೆಯ ಗ್ರಂಥವಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗಾಗಿಯೇ ಒಂದು ಪ್ರಕರಣ ಮೀಸಲಾಗಿದೆ. ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಗುರುತು, ಎಲ್ಲಿಂದ ಬಂದಿತು ಎಂಬುದೆಲ್ಲವನ್ನೂ ಅವನು ಬರೆದಿಡಬೇಕು. ಕಾಂಬೋಜ, ಸಿಂಧು, ಆರಟ್ಟ, ವನಾಯು ದೇಶದವು ಉತ್ತಮ. ಬಾಹ್ಲೀಕ, ಸೌವೀರ ಮುಂತಾದವು ಮಧ್ಯಮ. ಉತ್ತಮ ಕುದುರೆಯ ಮುಖ ಮೂವತ್ತೆರಡು ಅಂಗುಲ, ಉದ್ದ ಐದು ಮುಖ, ಎತ್ತರ ನಾಲ್ಕು ಮುಖ ಎಂಬ ಅಳತೆಯನ್ನೂ ಅಲ್ಲಿ ಕೊಟ್ಟಿದೆ. ಕುದುರೆಯ ಮುಖವನ್ನೇ ಅಳತೆಗೋಲಾಗಿ ಮಾಡಿಕೊಂಡು ಉಳಿದ ಅಂಗಗಳನ್ನು ಅಳೆಯುವ ಈ ಪದ್ಧತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಯುರೋಪಿನಲ್ಲಿ ಮತ್ತೆ ಇದನ್ನು ಕಾಣಲಿದ್ದೇವೆ.

ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಸೇನಾನಿ ಹಾಗೂ ಲೇಖಕ ಕ್ಸೆನೊಫೋನನು ಅಶ್ವಾರೋಹಣವನ್ನು ಕುರಿತು ಬರೆದ ಪುಟ್ಟ ಗ್ರಂಥ ಇಂದಿಗೂ ಉಳಿದಿದೆ. ಅವನ ವಾದಸರಣಿ ಅಚ್ಚುಕಟ್ಟಾದದ್ದು. ಪಳಗಿಸದ ಮರಿಯನ್ನು ಕೊಳ್ಳುವವನಿಗೆ ಅದರ ಸ್ವಭಾವವನ್ನು ತಿಳಿಯಲು ಬೇರೆ ದಾರಿಯಿಲ್ಲ, ಮೈಯನ್ನೇ ನೋಡಬೇಕು. ಮೈಯಲ್ಲಿಯೂ ಮೊದಲು ಗೊರಸನ್ನು ನೋಡಬೇಕು. ತಳಪಾಯ ಗಟ್ಟಿಯಿಲ್ಲದ ಮನೆಯ ಮೇಲ್ಭಾಗ ಎಷ್ಟು ಚೆಂದವಿದ್ದರೇನು ಎಂಬುದು ಅವನ ತರ್ಕ. ಗೊರಸಿನಿಂದ ಆರಂಭಿಸಿ ಗಿಣ್ಣು, ಮೊಣಕಾಲು, ಎದೆ, ಕತ್ತು, ತಲೆ, ಬೆನ್ನು, ಹಿಂಭಾಗ ಹೀಗೆ ಮೇಲೇರುತ್ತಾನೆ. ಇಪ್ಪತ್ತಮೂರು ಶತಮಾನಗಳ ಅನಂತರವೂ ಕುದುರೆಯನ್ನು ಬಲ್ಲವರು ಮೊದಲು ಕಾಲನ್ನೇ ನೋಡುತ್ತಾರೆ ಎಂಬುದು ಅವನ ಹಿರಿಮೆಗೆ ಸಾಕ್ಷಿ.

ಕನ್ನಡ ನಾಡಿನ ವಿಚಾರಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ, ಪಳಗಿಸುವಿಕೆ, ಕುದುರೆಯೇರಿ ಆಡುವ ಚೆಂಡಾಟ ಇವುಗಳ ವಿವರ ಬರುತ್ತದೆ. ಅರಸು ಕುದುರೆಯೇರಿ ವಿಹರಿಸುವುದಕ್ಕೆ ಹಳಗನ್ನಡದಲ್ಲಿ ‘ವೈಹಾಳಿ’ ಎಂದೇ ಹೆಸರಿತ್ತು. ಸುಮಾರು 1400ರಲ್ಲಿ ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವಶಾಸ್ತ್ರವನ್ನು ಬರೆದನು. ಹದಿನೇಳನೆಯ ಶತಮಾನದಲ್ಲಿ ಮೈಸೂರು ಅರಸರ ಆಶ್ರಯದಲ್ಲಿ ಪದ್ಮಣ್ಣಪಂಡಿತನ ‘ಹಯಸಾರಸಮುಚ್ಚಯ’ ಬಂದಿತು. ಕನ್ನಡ ಶಾಸ್ತ್ರಸಾಹಿತ್ಯವೆಂದರೆ ಛಂದಸ್ಸು, ವ್ಯಾಕರಣ ಮಾತ್ರವೆಂದು ತಿಳಿದವರಿಗೆ ಈ ಹೆಸರುಗಳನ್ನು ನೆನಪು ಮಾಡಿಕೊಡುವುದು ಒಳ್ಳೆಯದು. ಕುದುರೆಯನ್ನು ಕೊಳ್ಳುವ, ಸಾಕುವ, ಚಿಕಿತ್ಸೆ ಮಾಡುವ ಜನರಿಗೆ ಅವರದೇ ನುಡಿಯಲ್ಲಿ ಗ್ರಂಥ ಬೇಕಾಗಿತ್ತು.

ಅದು ಏಕೆ ಬೇಕಾಗಿತ್ತು ಎಂಬುದಕ್ಕೆ ವಿಜಯನಗರದ ಚರಿತ್ರೆಯೇ ಉತ್ತರ. ದಕ್ಷಿಣದ ಹವೆಯಲ್ಲಿ ಉತ್ತಮ ಯುದ್ಧಾಶ್ವಗಳ ತಳಿ ನಿಲ್ಲುತ್ತಿರಲಿಲ್ಲ. ಅರೇಬಿಯಾ, ಪರ್ಷಿಯಾಗಳಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರ, ಗೋವೆಯ ಬಂದರುಗಳಲ್ಲಿ ಇಳಿದು ಘಟ್ಟವನ್ನು ಹತ್ತಿ ರಾಜಧಾನಿಗೆ ಬರಬೇಕಿತ್ತು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟಿರುವ ಪ್ರಕಾರ ರಾಯನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನು. ಅವುಗಳಲ್ಲಿ ಮೇಲಾದವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದವನ್ನು ನಾಯಕರಿಗೆ ಹಂಚುತ್ತಿದ್ದನು. ಅದಕ್ಕೂ ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದರೆಂದೂ ಅವನು ಹೇಳುತ್ತಾನೆ. ವ್ಯಾಪಾರಿಗಳು ವಿಜಯನಗರವನ್ನು ಬಿಟ್ಟು ಬಹಮನಿಯ ಕಡೆಗೆ ತಿರುಗದಿರಲಿ ಎಂಬುದೇ ಇದರ ಹಿಂದಿನ ರಾಜನೀತಿ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ, ಮಹಾನವಮಿ ದಿಬ್ಬದ ಮೇಲೆ ಸಾಲುಸಾಲಾಗಿ ಕುದುರೆಗಳನ್ನು ಹಿಡಿದು ನಡೆಸುವವರ ಶಿಲ್ಪಗಳಿವೆ. ಶಾಲೆಯ ಪ್ರವಾಸದಲ್ಲಿ ಅವನ್ನು ನೋಡಿದವರಿಗೆ ಅದು ಅಲಂಕಾರವೆಂದು ತೋರಿರಬಹುದು. ವಾಸ್ತವದಲ್ಲಿ ಅದು ಸಾಮ್ರಾಜ್ಯದ ಆಮದು ಖಾತೆ. ಹಾಗೆ ನಡೆಸಿಕೊಂಡು ಬಂದ ಕುದುರೆಯನ್ನು ಹದವರಿತ ಕಣ್ಣು ಪರೀಕ್ಷಿಸದಿದ್ದರೆ ಬೊಕ್ಕಸ ಬರಿದಾಗುತ್ತಿತ್ತು, ರಣರಂಗದಲ್ಲಿ ರಾವುತನ ತಲೆ ಉರುಳುತ್ತಿತ್ತು.

ಈಗ ಸುಳಿಯ ವಿಚಾರ. ನಮ್ಮ ಹಳ್ಳಿಗಳಲ್ಲಿ ದನಗಳ ಜಾತ್ರೆಗೆ ಹೋದವರಿಗೆ ಇದು ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯನ್ನು ಕೊಳ್ಳುವ ರೈತರು ಹಲ್ಲು ಹಿಡಿದು ನೋಡುವಷ್ಟೇ ಶ್ರದ್ಧೆಯಿಂದ ಸುಳಿಯನ್ನೂ ನೋಡುತ್ತಾರೆ. ಕುದುರೆಗೂ ಅದೇ ಶಾಸ್ತ್ರ. ಕೊರಳಿನ ಸುಳಿಗೆ ‘ದೇವಮಣಿ’ ಎಂದು ಹೆಸರು, ಅದು ಶುಭ. ಕೆಲವು ಸುಳಿಗಳು ಒಡೆಯನಿಗೆ ಕೇಡು. ನಾಲ್ಕು ಕಾಲುಗಳೂ ಮುಖವೂ ಬಿಳಿಯಾಗಿದ್ದರೆ ಅದು ‘ಪಂಚಕಲ್ಯಾಣಿ’, ಅರಸರಿಗೆ ಯೋಗ್ಯವಾದದ್ದು. ಆದರೆ ಇಂಗ್ಲೆಂಡಿನ ಕುದುರೆ ವ್ಯಾಪಾರಿಗಳ ಹಳೆಯ ಗಾದೆ ಇದಕ್ಕೆ ತೀರ ವಿರುದ್ಧ. ಒಂದು ಕಾಲು ಬಿಳಿಯಿದ್ದರೆ ಕೊಳ್ಳಬಹುದು, ನಾಲ್ಕೂ ಬಿಳಿಯಾಗಿದ್ದರೆ ಅದರ ಗೊಡವೆಯೇ ಬೇಡ ಎಂಬುದು ಅದರ ತಾತ್ಪರ್ಯ. ಒಂದೇ ಕುದುರೆ ಮೈಸೂರಿನಲ್ಲಿ ಮಂಗಳ, ಯಾರ್ಕ್‌ಷೈರಿನಲ್ಲಿ ಅಮಂಗಳ! ಎರಡೂ ಸತ್ಯವಾಗಿರಲು ಸಾಧ್ಯವಿಲ್ಲ. ಸುಳಿಯ ಬಗೆಗೆ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. 1995ರಲ್ಲಿ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು ದನಗಳನ್ನು ಪರಿಶೀಲಿಸಿ, ಹಣೆಯ ಸುಳಿ ಕಣ್ಣುಗಳ ಮಟ್ಟಕ್ಕಿಂತ ಮೇಲಿದ್ದ ದನಗಳು ಹೆಚ್ಚು ಗಾಬರಿಗೊಳ್ಳುತ್ತಿದ್ದುವೆಂದು ತೋರಿಸಿದರು. ಅಂದರೆ ಸುಳಿಗೂ ಪ್ರಾಣಿಯ ಸ್ವಭಾವಕ್ಕೂ ಏನೋ ಒಂದು ನಂಟು ಇರಬಹುದು. ಒಡೆಯನ ಅದೃಷ್ಟಕ್ಕೂ ಅದಕ್ಕೂ ನಂಟಿದೆ ಎಂದು ಯಾರೂ ತೋರಿಸಿಲ್ಲ.

ಹಲ್ಲಿನ ವಿಚಾರ ಹಾಗಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂದು ನಮ್ಮ ಗಾದೆ ಹೇಳುವುದು ಹಲ್ಲು ನಿಜವನ್ನು ನುಡಿಯುತ್ತದೆ ಎಂಬ ಕಾರಣಕ್ಕೇ. ಕುದುರೆಗೆ ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಬಾಚಿಹಲ್ಲುಗಳೂ, ಮೂರೂವರೆಗೆ ಅವುಗಳ ಪಕ್ಕದವೂ, ನಾಲ್ಕೂವರೆಗೆ ಅಂಚಿನವೂ ಹಾಲುಹಲ್ಲು ಬಿದ್ದು ಹೊಸದಾಗಿ ಹುಟ್ಟುತ್ತವೆ. ಆಮೇಲೆ ಹಲ್ಲಿನ ತಲೆಯ ಮೇಲಿನ ಕುಳಿ ಸವೆಯುವುದನ್ನು ನೋಡಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ಇದು ಪರೀಕ್ಷಿಸಿ ನೋಡಬಹುದಾದ ಜ್ಞಾನ. ಸುಳಿಯ ಫಲವನ್ನೂ ಹಲ್ಲಿನ ಲೆಕ್ಕವನ್ನೂ ಒಂದೇ ಓಲೆಗರಿಯ ಮೇಲೆ, ಒಂದೇ ಗಾಂಭೀರ್ಯದಿಂದ ಬರೆದಿಟ್ಟರು ಎಂಬುದೇ ಹಳೆಯ ಶಾಸ್ತ್ರಗಳ ಶಕ್ತಿ ಮತ್ತು ಮಿತಿ.

ಇಂದಿನ ಪಂದ್ಯದ ಕುದುರೆ, ಅಂದರೆ ‘ಥರೋಬ್ರೆಡ್’ ತಳಿ, ರೂಪುಗೊಂಡದ್ದು ಹದಿನೇಳು ಹದಿನೆಂಟನೆಯ ಶತಮಾನಗಳ ಇಂಗ್ಲೆಂಡಿನಲ್ಲಿ. ಪೂರ್ವದೇಶಗಳಿಂದ ತಂದ ಗಂಡುಕುದುರೆಗಳಲ್ಲಿ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರರ ವಂಶಗಳು ಮಾತ್ರ ಗಂಡು ಸಂತತಿಯಲ್ಲಿ ಇಂದಿಗೂ ಉಳಿದಿವೆ. ಡಾರ್ಲಿ ಅರೇಬಿಯನ್ನಿನ ವಂಶದಲ್ಲಿ 1764ರ ಏಪ್ರಿಲ್ 1ರಂದು, ಸೂರ್ಯಗ್ರಹಣದ ದಿನ, ಒಂದು ಮರಿ ಹುಟ್ಟಿತು. ಅದಕ್ಕೆ ‘ಎಕ್ಲಿಪ್ಸ್’ ಎಂದೇ ಹೆಸರಿಟ್ಟರು. ಗ್ರಹಣಕಾಲದಲ್ಲಿ ಹುಟ್ಟಿದ ಪ್ರಾಣಿಯ ಬಗ್ಗೆ ನಮ್ಮ ಜೋಯಿಸರು ಏನು ಹೇಳುತ್ತಿದ್ದರೋ ನೀವೇ ಊಹಿಸಿಕೊಳ್ಳಿ. 1769ರಿಂದ ಎರಡು ಋತುಗಳಲ್ಲಿ ಅದು ಹದಿನೆಂಟು ಪಂದ್ಯಗಳಲ್ಲಿ ಓಡಿ ಒಂದರಲ್ಲಿಯೂ ಸೋಲಲಿಲ್ಲ. ಇಂದು ಜಗತ್ತಿನಲ್ಲಿರುವ ಥರೋಬ್ರೆಡ್ ಕುದುರೆಗಳಲ್ಲಿ ಬಹುಪಾಲು ಗಂಡುವಂಶದಲ್ಲಿ ಅದರ ಸಂತತಿಯೇ.

ಇಲ್ಲಿ ಕಥೆಗೆ ಒಬ್ಬ ಫ್ರೆಂಚ್ ಪಂಡಿತನ ಪ್ರವೇಶವಾಗುತ್ತದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದ ಕ್ಲೋದ್ ಬೂರ್ಜೆಲಾ, ಆದರ್ಶ ಕುದುರೆಯ ಅಳತೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದನು. ಅವನ ಅಳತೆಗೋಲು ಕೂಡ ಕುದುರೆಯ ತಲೆಯ ಉದ್ದವೇ! ಕೌಟಿಲ್ಯನ ಮುಖಮಾನ ನೆನಪಾಗುವುದಿಲ್ಲವೇ? ಆ ಪರಂಪರೆಯಲ್ಲಿ ಕಲಿತ ಶಾರ್ಲ್ ವಿಯಾಲ್ ದ ಸೆನ್‌ಬೆಲ್ ಎಂಬಾತ ಇಂಗ್ಲೆಂಡಿಗೆ ಬಂದಿದ್ದಾಗ, 1789ರಲ್ಲಿ ಎಕ್ಲಿಪ್ಸ್ ಸತ್ತಿತು. ಸೆನ್‌ಬೆಲ್ ಅದರ ದೇಹವನ್ನು ಕೊಯ್ದು, ಎಲುಬುಗಳನ್ನು ಒಂದೊಂದಾಗಿ ಅಳೆದು, ತನ್ನ ಗುರುಪರಂಪರೆಯ ಪಟ್ಟಿಯೊಂದಿಗೆ ಹೋಲಿಸಿದನು. ಜಗತ್ತಿನ ಅತ್ಯಂತ ವೇಗದ ಕುದುರೆಯು ಆದರ್ಶ ಕುದುರೆಯ ಅಳತೆಗಳಿಗೆ ಹೊಂದಲೇ ಇಲ್ಲ! ಪುಸ್ತಕ ಒಂದು ಹೇಳುತ್ತಿತ್ತು, ಎಲುಬು ಇನ್ನೊಂದು ಹೇಳುತ್ತಿತ್ತು. ಸೆನ್‌ಬೆಲ್‌ನ ದೊಡ್ಡತನವೆಂದರೆ ಅವನು ಎಲುಬಿನ ಮಾತನ್ನು ಮುಚ್ಚಿಡದೆ ಅಚ್ಚು ಮಾಡಿಸಿದನು. 1791ರಲ್ಲಿ ಲಂಡನ್ನಿನ ಪಶುವೈದ್ಯ ಕಾಲೇಜು ಸ್ಥಾಪನೆಯಾದಾಗ ಅವನೇ ಅದರ ಮೊದಲ ಪ್ರಾಧ್ಯಾಪಕನಾದನು. ಎಕ್ಲಿಪ್ಸಿನ ಅಸ್ಥಿಪಂಜರ ಇಂದಿಗೂ ಆ ಸಂಸ್ಥೆಯಲ್ಲಿದೆ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಸಂಶೋಧಕರು ಅದನ್ನು ಮತ್ತೆ ಪರಿಶೀಲಿಸಿದಾಗ ಕಂಡುಬಂದದ್ದು ಇನ್ನೂ ಸ್ವಾರಸ್ಯಕರ. ಅದರ ಕಾಲಿನ ಎಲುಬುಗಳಲ್ಲಿ ಅಸಾಧಾರಣವಾದದ್ದೇನೂ ಇರಲಿಲ್ಲ, ಎಲ್ಲವೂ ಹದವಾಗಿ, ಸರಾಸರಿಗೆ ಹತ್ತಿರವಾಗಿಯೇ ಇದ್ದುವು.

ಹಾಗಾದರೆ ಹಣವಂತರು ಕೊಳ್ಳುವಾಗ ಏನನ್ನು ನೋಡುತ್ತಾರೆ? ಕುಲವನ್ನು ನೋಡುತ್ತಾರೆ, ಮೈಯನ್ನು ನೋಡುತ್ತಾರೆ. ಇವೆರಡನ್ನೂ ನೋಡಿಯೂ ಎಡವುತ್ತಾರೆ. ಇದಕ್ಕೆ ಒಂದು ತಂದೆ-ಮಗನ ಕಥೆಯನ್ನು ಹೇಳುತ್ತೇನೆ. ಕೆನಡಾದಲ್ಲಿ 1961ರಲ್ಲಿ ಹುಟ್ಟಿದ ‘ನಾರ್ದರ್ನ್ ಡಾನ್ಸರ್’ ಎಂಬ ಮರಿಯನ್ನು ಅದರ ಒಡೆಯ ಇ. ಪಿ. ಟೇಲರ್ 25,000 ಡಾಲರ್ ಬೆಲೆ ಕಟ್ಟಿ ಮಾರಾಟಕ್ಕಿಟ್ಟರು. ಕುಳ್ಳಗಿದೆ ಎಂದು ಯಾರೂ ಕೊಳ್ಳಲಿಲ್ಲ. ಅದೇ ಕುದುರೆ 1964ರಲ್ಲಿ ಕೆಂಟಕಿ ಡರ್ಬಿಯನ್ನು ಅಲ್ಲಿಯವರೆಗಿನ ದಾಖಲೆಯ ಸಮಯದಲ್ಲಿ, ಸರಿಯಾಗಿ ಎರಡು ನಿಮಿಷಗಳಲ್ಲಿ ಗೆದ್ದಿತು. ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಭಾವಶಾಲಿ ಮೂಲಕುದುರೆಗಳಲ್ಲಿ ಒಂದಾಯಿತು. ಈಗ ಅದರ ಮಗನ ಸರದಿ. 1983ರಲ್ಲಿ ಕೆಂಟಕಿಯ ಕೀನ್‌ಲ್ಯಾಂಡ್ ಹರಾಜಿನಲ್ಲಿ ನಾರ್ದರ್ನ್ ಡಾನ್ಸರನ ಒಂದು ವರ್ಷದ ಗಂಡುಮರಿ ಒಂದು ಕೋಟಿ ಎರಡು ಲಕ್ಷ ಡಾಲರಿಗೆ ಮಾರಾಟವಾಯಿತು. ಮರಿಯೊಂದಕ್ಕೆ ಒಂದು ಕೋಟಿ ಡಾಲರು ದಾಟಿದ್ದು ಅದೇ ಮೊದಲು. ‘ಸ್ನಾಫಿ ಡಾನ್ಸರ್’ ಎಂಬ ಆ ಮರಿ ಒಂದೇ ಒಂದು ಪಂದ್ಯದಲ್ಲಿಯೂ ಓಡಲಿಲ್ಲ, ಸಂತಾನದ ದೃಷ್ಟಿಯಿಂದಲೂ ವಿಫಲವಾಯಿತು. ತಂದೆಯನ್ನು ಇಪ್ಪತ್ತೈದು ಸಾವಿರಕ್ಕೆ ಬೇಡವೆಂದ ಮಾರುಕಟ್ಟೆ, ಮಗನನ್ನು ಒಂದು ಕೋಟಿಗೆ ಬೇಕೆಂದಿತು. ಎರಡು ಸಲವೂ ಅದರ ಕಣ್ಣು ಮೋಸಹೋಯಿತು.

ಇದು ಅಪವಾದವೆಂದು ತಿಳಿಯಬೇಡಿ. ನ್ಯೂಜಿಲೆಂಡಿನಲ್ಲಿ 1928ರಲ್ಲಿ ಕೇವಲ 160 ಗಿನಿಗಳಿಗೆ ಮಾರಾಟವಾದ ‘ಫಾರ್ ಲ್ಯಾಪ್’ ಮುಖದ ತುಂಬ ನರುಲಿಗಳಿದ್ದ, ಸೊರಗಿದ ಮರಿ. 1930ರ ಮೆಲ್ಬರ್ನ್ ಕಪ್ಪನ್ನು ಗೆದ್ದ ಆ ಕುದುರೆ ಆಸ್ಟ್ರೇಲಿಯಾದ ಜನರಿಗೆ ಆರ್ಥಿಕ ಮುಗ್ಗಟ್ಟಿನ ದಿನಗಳ ಆಶಾಕಿರಣವಾಯಿತು. ಬಲ ಮುಂಗಾಲು ಹೊರಕ್ಕೆ ತಿರುಗಿದ್ದ ‘ಸಿಯಾಟಲ್ ಸ್ಲೂ’ 1975ರಲ್ಲಿ 17,500 ಡಾಲರಿಗೆ ಮಾರಾಟವಾಗಿ, 1977ರಲ್ಲಿ ಒಂದೂ ಸೋಲಿಲ್ಲದೆ ಅಮೆರಿಕದ ತ್ರಿವಳಿ ಕಿರೀಟವನ್ನು ಧರಿಸಿತು. 2006ರಲ್ಲಿ ಒಂದು ಕೋಟಿ ಅರವತ್ತು ಲಕ್ಷ ಡಾಲರಿಗೆ ಕೊಂಡ ‘ದಿ ಗ್ರೀನ್ ಮಂಕಿ’ ಮೂರು ಪಂದ್ಯಗಳಲ್ಲಿ ಓಡಿ ಒಂದನ್ನೂ ಗೆಲ್ಲಲಿಲ್ಲ. ಕಾರಣ ಸರಳವಾಗಿದೆ. ಓಟವನ್ನು ಗೆಲ್ಲಿಸುವ ಅಂಗಗಳು ಬಹುಮಟ್ಟಿಗೆ ಒಳಗಿವೆ. 1989ರಲ್ಲಿ ಸತ್ತ ಮಹಾಕುದುರೆ ‘ಸೆಕ್ರೆಟೇರಿಯಟ್’ನ ಹೃದಯವನ್ನು ಕಂಡ ವೈದ್ಯರು ಅದು ಸಾಧಾರಣ ಕುದುರೆಯ ಹೃದಯದ ಎರಡರಷ್ಟಾದರೂ ಇದ್ದೀತೆಂದು ಅಂದಾಜು ಮಾಡಿದರು. ಬದುಕಿದ್ದಾಗ ಅದರ ಹೊಳೆಯುವ ಕೆಂಗಂದು ಮೈಯನ್ನು ನೋಡಿದ ಲಕ್ಷಾಂತರ ಜನರ ಕಣ್ಣಿಗೆ ಆ ಹೃದಯ ಕಂಡಿರಲಿಲ್ಲ.

ಹಾಗೆಂದು ನೋಟವೇ ವ್ಯರ್ಥವೆಂದು ತೀರ್ಮಾನಿಸುವುದು ಆತುರವಾದೀತು. ಮರಿಯ ಭವಿಷ್ಯವನ್ನು ಊಹಿಸುವುದು ಬೇರೆ, ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಕುದುರೆಯ ಇಂದಿನ ಸ್ಥಿತಿಯನ್ನು ಅರಿಯುವುದು ಬೇರೆ. ಪಂದ್ಯದ ಮೈದಾನದಲ್ಲಿ ‘ಪ್ಯಾಡಕ್’ ಎಂಬ ಆವರಣವಿರುತ್ತದೆ. ಸೈಸುಗಳು ಲಗಾಮು ಹಿಡಿದು ಕುದುರೆಗಳನ್ನು ಅಲ್ಲಿ ಸುತ್ತು ನಡೆಸುತ್ತಾರೆ. ಬಲ್ಲವರು ಅಲ್ಲಿ ಏನು ನೋಡುತ್ತಾರೆ? ನಡಿಗೆ ಸಡಿಲವಾಗಿ, ಉದ್ದವಾಗಿ, ಹಿಂಗಾಲಿನ ಗೊರಸು ಮುಂಗಾಲಿನ ಹೆಜ್ಜೆಯ ಗುರುತನ್ನು ದಾಟಿ ಬೀಳುತ್ತಿದೆಯೇ? ಚಪ್ಪೆಯ ಸ್ನಾಯುಗಳು ತುಂಬಿಕೊಂಡು ನಡೆಯುವಾಗ ಬಿಡಿಬಿಡಿಯಾಗಿ ಕಾಣುತ್ತವೆಯೇ? ಕೂದಲಿಗೆ ಆರೋಗ್ಯದ ಹೊಳಪಿದೆಯೇ? ಹೊಟ್ಟೆ ವಿಪರೀತ ಮೇಲಕ್ಕೆ ಸೆಳೆದುಕೊಂಡು, ಹಿಂದಿನ ಓಟದ ದಣಿವು ಇನ್ನೂ ಆರಿಲ್ಲವೆಂಬಂತೆ ಇದೆಯೇ? ಕಿವಿಗಳು ಸುತ್ತಲಿನ ಸದ್ದನ್ನು ಆಲಿಸುತ್ತ ಶಾಂತವಾಗಿವೆಯೇ, ಹಿಂದಕ್ಕೆ ಮಡಿಚಿಕೊಂಡಿವೆಯೇ? ಕತ್ತಿನ ಮೇಲೆ, ಹಿಂದೊಡೆಗಳ ನಡುವೆ ಬೆವರು ನೊರೆಗಟ್ಟಿದೆಯೇ? ಬಾಲವನ್ನು ಬಡಿಯುತ್ತ, ಸೈಸನ್ನು ಎಳೆದಾಡುತ್ತ ಪಂದ್ಯಕ್ಕೆ ಮೊದಲೇ ತನ್ನ ಶಕ್ತಿಯನ್ನೆಲ್ಲ ಚೆಲ್ಲುತ್ತಿದೆಯೇ? ಬಿಸಿಲಿನ ದಿನ ಎಲ್ಲ ಕುದುರೆಗಳೂ ಬೆವರುತ್ತವೆ. ಆದ್ದರಿಂದ ಒಂದನ್ನು ಉಳಿದವುಗಳ ಜೊತೆಗೆ, ಸಾಧ್ಯವಾದರೆ ಅದರದೇ ಹಿಂದಿನ ದಿನಗಳ ಜೊತೆಗೆ ಹೋಲಿಸಿ ನೋಡಬೇಕು.

ಇದನ್ನು ವೈಜ್ಞಾನಿಕವಾಗಿ ಪರೀಕ್ಷಿಸಿದವರೂ ಇದ್ದಾರೆ. ಆಸ್ಟ್ರೇಲಿಯಾದ ಹಟ್ಸನ್ ಮತ್ತು ಹ್ಯಾಸ್ಕೆಲ್ ಎಂಬ ಸಂಶೋಧಕರು ಮೆಲ್ಬರ್ನಿನಲ್ಲಿ ಪಂದ್ಯಕ್ಕೆ ಮುನ್ನ ನೂರಾರು ಕುದುರೆಗಳ ವರ್ತನೆಯನ್ನು ದಾಖಲಿಸಿ, ಅನಂತರ ಪಂದ್ಯದ ಫಲಿತಾಂಶದೊಂದಿಗೆ ತಾಳೆ ನೋಡಿ, 1997ರಲ್ಲಿ ಪ್ರಕಟಿಸಿದರು. ಉದ್ವೇಗಗೊಂಡು, ಹಿಡಿತಕ್ಕೆ ಸಿಗದೆ ಒದ್ದಾಡುವ ಕುದುರೆಗಳು ಹಿಂದೆ ಬೀಳುವ ಸಂಭವ ಹೆಚ್ಚು ಎಂಬುದು ಅದರ ಮುಖ್ಯ ಸಾರ. ಗೆಲ್ಲುವ ಕುದುರೆಯನ್ನು ಬೆರಳಿಟ್ಟು ತೋರಿಸುವುದಕ್ಕಿಂತ, ಇಂದು ಓಡಲಾರದ ಕುದುರೆಯನ್ನು ಗುರುತಿಸುವುದರಲ್ಲಿಯೇ ಕಣ್ಣು ಹೆಚ್ಚು ನಂಬಲರ್ಹ. ಈ ವ್ಯತ್ಯಾಸ ಬಹಳ ಮುಖ್ಯವಾದುದು. ಜ್ವರ ಬಂದ ಹುಡುಗನನ್ನು ಮುಖ ನೋಡಿದ ಕೂಡಲೇ ಯಾವ ಉಪಾಧ್ಯಾಯನಾದರೂ ಗುರುತಿಸಬಲ್ಲ. ರ್‍ಯಾಂಕು ಬರುವ ಹುಡುಗನನ್ನು ಮುಖ ನೋಡಿ ಗುರುತಿಸುತ್ತೇನೆ ಎನ್ನುವವನ ಮಾತನ್ನು ಮಾತ್ರ ನಂಬಬೇಡಿ.

ಕರ್ನಾಟಕಕ್ಕೂ ಈ ಆಟಕ್ಕೂ ನಂಟು ಹಳೆಯದು. ಟಿಪ್ಪು ಸುಲ್ತಾನನ ಸೇನೆಗೆ ಕುದುರೆಗಳನ್ನು ಒದಗಿಸುತ್ತಿದ್ದ ಕುಣಿಗಲಿನ ಕುದುರೆ ಫಾರಂ ಮುಂದೆ ಪಂದ್ಯದ ಕುದುರೆಗಳ ತಳಿಕೇಂದ್ರವಾಯಿತು. ಮೈಸೂರಿನ ರೇಸ್ ಕ್ಲಬ್ ಹತ್ತೊಂಬತ್ತನೆಯ ಶತಮಾನದ್ದು. ಬೆಂಗಳೂರಿನಲ್ಲಿ ರೇಸ್ ಕೋರ್ಸ್ ರಸ್ತೆ ಎಂಬ ಹೆಸರೇ ಅದನ್ನು ಸಾರುತ್ತಿತ್ತು. ಈ ಆಟ ಕೌಶಲವೋ, ಜೂಜೋ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಮದರಾಸಿನ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಲಕ್ಷ್ಮಣನ್ ಪ್ರಕರಣದಲ್ಲಿ 1996ರ ಜನವರಿಯಲ್ಲಿ ತೀರ್ಪು ಬಂದಿತು. ಕುದುರೆಯ ವಂಶ, ತರಬೇತಿ, ದೇಹಸ್ಥಿತಿ, ಜಾಕಿಯ ನೈಪುಣ್ಯ ಇವೆಲ್ಲವೂ ಫಲಿತಾಂಶವನ್ನು ನಿರ್ಧರಿಸುವುದರಿಂದ ಕುದುರೆಪಂದ್ಯವು ಪ್ರಧಾನವಾಗಿ ಕೌಶಲದ ಆಟ, ಬರಿಯ ಅದೃಷ್ಟದ್ದಲ್ಲ ಎಂದು ನ್ಯಾಯಾಲಯ ಹೇಳಿತು. ನಳ ಮತ್ತು ಋತುಪರ್ಣರ ವಾದಕ್ಕೆ ಬಂದ ನ್ಯಾಯಾಂಗದ ಉತ್ತರವೆಂದು ಇದನ್ನು ಓದಬಹುದು. ಆಟದಲ್ಲಿ ಕೌಶಲವಿದೆ ಎಂದು ನ್ಯಾಯಾಲಯ ಹೇಳಿತೇ ಹೊರತು, ಬಾಜಿ ಕಟ್ಟುವ ಪ್ರತಿಯೊಬ್ಬನಲ್ಲಿಯೂ ಆ ಕೌಶಲವಿದೆ ಎಂದು ಹೇಳಲಿಲ್ಲ.

ನಾನು ಕೆಲಸದಲ್ಲಿದ್ದ ಊರುಗಳಲ್ಲಿ ಒಂದರಲ್ಲಿ, ತಿಂಗಳ ಮೊದಲ ವಾರದ ಸಂಬಳವನ್ನು ರೇಸಿನ ಪುಸ್ತಕದ ಮಡಿಕೆಯಲ್ಲಿಟ್ಟುಕೊಂಡು ರೈಲು ಹತ್ತುತ್ತಿದ್ದ ಗುಮಾಸ್ತರೊಬ್ಬರಿದ್ದರು. ಕುದುರೆಯ ಕಣ್ಣು ನೋಡಿದರೆ ಸಾಕು, ಅದರ ಮನಸ್ಸು ನನಗೆ ತಿಳಿಯುತ್ತದೆ ಎನ್ನುತ್ತಿದ್ದರು. ಅವರ ಮಗನಿಗೆ ಪರೀಕ್ಷೆಯ ಶುಲ್ಕವನ್ನು ನಾವು ಮೂವರು ಉಪಾಧ್ಯಾಯರು ಸೇರಿ ಕಟ್ಟಿದೆವು. ಹುಡುಗ ಚೆನ್ನಾಗಿ ಓದಿ ನೆಲೆ ಕಂಡುಕೊಂಡ, ಅದು ಸಂತೋಷದ ಸಂಗತಿ. ಆ ತಂದೆ ದುಷ್ಟರಲ್ಲ, ದಡ್ಡರೂ ಅಲ್ಲ. ತಾನು ಕಂಡದ್ದಕ್ಕೂ ತಾನು ಬಯಸಿದ್ದಕ್ಕೂ ನಡುವಿನ ಗೆರೆ ಅವರಿಗೆ ಅಳಿಸಿಹೋಗಿತ್ತು, ಅಷ್ಟೆ. ದುಡ್ಡು ಕಟ್ಟಿದ ಕುದುರೆ ಎಲ್ಲರ ಕಣ್ಣಿಗೂ ಚೆಂದವಾಗಿಯೇ ಕಾಣುತ್ತದೆ.

ಈ ವಿದ್ಯೆಯಿಂದ ಕುದುರೆಗೆ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಹಳೆಯ ಶಾಸ್ತ್ರಗಳು ಕೇಳಿದ್ದು ಕಡಮೆ. ನಮ್ಮ ಕಾಲ ಅದನ್ನು ಕೇಳುತ್ತಿದೆ. ಐನೂರು ಕಿಲೋ ತೂಕದ ಪ್ರಾಣಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಒಂದೊಂದು ಕಾಲಿನ ಮೇಲೆ ಬೀಳುವ ಭಾರ ಅದರ ದೇಹತೂಕದ ಎರಡರಷ್ಟನ್ನೂ ಮೀರುತ್ತದೆ. ಎಲುಬಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಅಪಾಯ. ಆದ್ದರಿಂದ ಇಂದು ಅನೇಕ ದೇಶಗಳಲ್ಲಿ ಪಂದ್ಯಕ್ಕೆ ಮೊದಲು ಪಶುವೈದ್ಯರು ಕುದುರೆಯನ್ನು ನೇರವಾಗಿ ಓಡಿಸಿ ನೋಡುತ್ತಾರೆ. ಮುಂಗಾಲು ನೋಯುತ್ತಿರುವ ಕುದುರೆ ಆ ಕಾಲನ್ನು ಊರಿದಾಗ ತಲೆಯನ್ನು ಮೇಲಕ್ಕೆತ್ತುತ್ತದೆ, ಒಳ್ಳೆಯ ಕಾಲನ್ನು ಊರಿದಾಗ ತಲೆ ತಗ್ಗಿಸುತ್ತದೆ. ಈ ಸಣ್ಣ ತಲೆದೂಗನ್ನು ಹಿಡಿಯಬಲ್ಲ ಕಣ್ಣು ಒಂದು ಜೀವವನ್ನು ಉಳಿಸಬಲ್ಲುದು, ಅದರ ಬೆನ್ನ ಮೇಲಿರುವ ಜಾಕಿಯ ಜೀವವನ್ನೂ ಉಳಿಸಬಲ್ಲುದು.

ಆ ಕಣ್ಣಿಗೂ ಮಿತಿಯಿದೆ. 2019ರ ಎಪ್ಸಂ ಡರ್ಬಿಯನ್ನು ಗೆದ್ದ ‘ಆಂಥನಿ ವಾನ್ ಡೈಕ್’ ಎಂಬ ಕುದುರೆ 2020ರ ಮೆಲ್ಬರ್ನ್ ಕಪ್ಪಿನಲ್ಲಿ ಓಡುತ್ತಿದ್ದಾಗ ಕಾಲು ಮುರಿದುಕೊಂಡಿತು. ಅದಕ್ಕೆ ದಯಾಮರಣವನ್ನೇ ಕೊಡಬೇಕಾಯಿತು. ಪಂದ್ಯಕ್ಕೆ ಮೊದಲು ಅದನ್ನು ವೈದ್ಯರು ನೋಡಿರಲಿಲ್ಲವೆಂದಲ್ಲ, ನೋಡಿದ್ದರು. ಮಾರನೆಯ ವರ್ಷದಿಂದ ಅಲ್ಲಿಗೆ ಬರುವ ವಿದೇಶಿ ಕುದುರೆಗಳ ಕಾಲುಗಳನ್ನು ಸಿ.ಟಿ. ಸ್ಕ್ಯಾನ್ ಮಾಡುವುದನ್ನು ಕಡ್ಡಾಯಗೊಳಿಸಿದರು. ಹೊಳ್ಳೆ, ಹಲ್ಲು, ಗೊರಸುಗಳಿಂದ ಆರಂಭವಾದ ಪರೀಕ್ಷೆ ಹೀಗೆ ಚರ್ಮವನ್ನು ದಾಟಿ ಎಲುಬಿನೊಳಕ್ಕೆ ಇಳಿದಿದೆ. ಯಂತ್ರ ಬಂದಿತೆಂದು ವೈದ್ಯರು ನಡಿಗೆಯನ್ನು ನೋಡುವುದನ್ನು ಬಿಟ್ಟಿಲ್ಲ. ಕಣ್ಣು ಅನುಮಾನಿಸಿದ ಕಾಲನ್ನೇ ಅಲ್ಲವೇ ಮೊದಲು ಯಂತ್ರದಡಿಗೆ ಇಡುವುದು?

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸಂದರ್ಶನ ಮಾಡಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಸ್ಥಾನಗಳಲ್ಲಿದ್ದೀರಿ. ಕೆಲವರು ಮಕ್ಕಳಿಗೆ ಸಂಬಂಧ ನೋಡುವ ವಯಸ್ಸಿಗೆ ಬಂದಿದ್ದೀರಿ. ಮನುಷ್ಯರನ್ನು ಕುದುರೆಗಳಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಆದರೆ ನೋಡುವ ಕಣ್ಣು ಒಂದೇ. ಎದುರಿಗಿರುವವರು ಇಂದು ದಣಿದಿದ್ದಾರೆಯೇ, ಹೆದರಿದ್ದಾರೆಯೇ, ನೋವಿನಲ್ಲಿದ್ದಾರೆಯೇ ಎಂಬುದನ್ನು ಅದು ಚೆನ್ನಾಗಿಯೇ ಹೇಳುತ್ತದೆ. ಅದನ್ನು ಕಂಡು ತಕ್ಕಂತೆ ನಡೆದುಕೊಳ್ಳಿ. ಅವರು ಮುಂದೆ ಎಷ್ಟು ದೂರ ಓಡಬಲ್ಲರು ಎಂಬುದನ್ನು ಮಾತ್ರ ಓಡಲು ಬಿಟ್ಟೇ ತಿಳಿಯಬೇಕು.

ಈ ವಿಷಯದಲ್ಲಿ ನಿಮಗೆ ಗೊತ್ತಿರುವ ಸಂಗತಿಗಳಿದ್ದರೆ, ಅದರಲ್ಲೂ ದನದ ಜಾತ್ರೆಗಳಲ್ಲಿ ನಿಮ್ಮ ಹಿರಿಯರು ನೋಡುತ್ತಿದ್ದ ಸುಳಿಗಳ ಹೆಸರುಗಳು ನೆನಪಿದ್ದರೆ, ದಯವಿಟ್ಟು ಬರೆದು ತಿಳಿಸಿ. ಆ ಹೆಸರುಗಳನ್ನು ಬಲ್ಲವರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ.